ಯುರೋಪ್‌ನಲ್ಲಿ ಟ್ರಯಲ್ ಕೊಡಿಸ್ತೀನಿ ಅಂತ ಮುಂಗಡ ದುಡ್ಡು ಕೇಳ್ತಿದ್ದಾರೆ, ಹೋಗಬಹುದಾ?

ಎಡಗಾಲು 11

ಎಲ್ಲರಿಗೂ ನಮಸ್ಕಾರ. ನನಗೆ 19 ವರ್ಷ. ಫುಟ್‌ಬಾಲ್‌ನಲ್ಲಿ ಲೆಫ್ಟ್ ವಿಂಗರ್, ಅಂದರೆ ಎಡ ಅಂಚಿನಿಂದ ದಾಳಿ ಮಾಡುವವನು. ನಮ್ಮ ದೇಶದ ಎರಡನೇ ಡಿವಿಷನ್ ಕ್ಲಬ್ಬೊಂದರಲ್ಲಿ ಆಡುತ್ತಿದ್ದೇನೆ. ಕಳೆದ ಸೀಸನ್‌ನಲ್ಲಿ ಹೆಚ್ಚುಕಡಿಮೆ ಎಲ್ಲಾ ಪಂದ್ಯಗಳಲ್ಲೂ ಮೊದಲ ಹನ್ನೊಂದರಲ್ಲಿ ಇದ್ದೆ. ಹೊರದೇಶದಲ್ಲಿ ಪ್ರೊಫೆಷನಲ್ ಆಗಿ ಆಡಬೇಕು ಅನ್ನೋದು ಚಿಕ್ಕಂದಿನ ಆಸೆ.

ಈಗ ಒಬ್ಬರು ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಮಾಡಿದ್ದಾರೆ. ನನ್ನ ಕ್ಲಿಪ್ ನೋಡಿದ್ದಾರಂತೆ. ಯುರೋಪ್‌ನ ಎರಡನೇ ಡಿವಿಷನ್ ಕ್ಲಬ್‌ನಲ್ಲಿ ಎರಡು ವಾರದ ಟ್ರಯಲ್ ಕೊಡಿಸುತ್ತಾರಂತೆ. ಚೆನ್ನಾಗಿ ಆಡಿದರೆ ಅಲ್ಲೇ ಕಾಂಟ್ರ್ಯಾಕ್ಟ್ ಅಂತೆ. ಆದರೆ ರಿಜಿಸ್ಟ್ರೇಷನ್, ಉಳಿದುಕೊಳ್ಳುವ ಜಾಗ, ಕ್ಲಬ್ ಫೀಸ್ ಅಂತ ಎಲ್ಲಾ ದುಡ್ಡು ಮುಂಚೆಯೇ ಕಟ್ಟಬೇಕು. ಟೂರಿಸ್ಟ್ ವೀಸಾದಲ್ಲಿ ಬಾ, ಮಿಕ್ಕಿದ್ದು ಆಮೇಲೆ ನೋಡೋಣ ಅಂದರು. ಕ್ಲಬ್ ಹೆಸರು ಕೇಳಿದರೆ ದುಡ್ಡು ಕಟ್ಟಿದ ಮೇಲೆ ಹೇಳ್ತೀನಿ ಅಂದರು. ಅಪ್ಪ ಸಾಲ ಮಾಡಿಯಾದರೂ ಕೊಡುತ್ತೇನೆ ಅಂತಿದ್ದಾರೆ. ಈ ವಾರದೊಳಗೆ ಹೇಳಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಸ್ಟಾಪರ್

ತಮ್ಮಾ, ದುಡ್ಡು ಕಟ್ಟಬೇಡ. ಈ ಒಂದು ಮಾತನ್ನು ಮೊದಲು ಅಪ್ಪನಿಗೆ ಓದಿ ಹೇಳು, ಆಮೇಲೆ ಮುಂದಿನದು ಓದು.

ನಾನು ಹೊರದೇಶದ ಕೆಳಗಿನ ಡಿವಿಷನ್‌ಗಳಲ್ಲಿ ಕೆಲವು ವರ್ಷ ಸೆಂಟರ್ ಬ್ಯಾಕ್ ಆಗಿ ಆಡಿದವನು. ಅಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ಸರಿಯಾದ ಏಜೆಂಟ್‌ಗೆ ದುಡ್ಡು ಬರುವುದು ಆಟಗಾರ ಸಹಿ ಹಾಕಿದ ಮೇಲೆ. ಡೀಲ್‌ನಲ್ಲಿ ಇಷ್ಟು ಪರ್ಸೆಂಟ್ ಅಂತ ಅವರ ಪಾಲು. ನಿನಗೆ ಕ್ಲಬ್ ಸಿಗಲಿಲ್ಲ ಅಂದರೆ ಅವರ ಕೈಯೂ ಖಾಲಿ. ಅದಕ್ಕೇ ಅವರು ಅಳೆದು ತೂಗಿ ಹುಡುಗರನ್ನು ಆರಿಸುತ್ತಾರೆ. ಮುಂಗಡ ತೆಗೆದುಕೊಂಡವರಿಗೆ ನೀನು ಆಡಿದರೂ ಒಂದೇ, ವಾಪಸ್ ವಿಮಾನ ಹತ್ತಿದರೂ ಒಂದೇ. ಅವರ ಸಂಪಾದನೆ ಆಗಲೇ ಮುಗಿದಿರುತ್ತದೆ.

ಈಗ ಕೂತಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಏಜೆಂಟ್‌ಗಳಿಗೆ ಪರೀಕ್ಷೆ ಮತ್ತು ಲೈಸೆನ್ಸ್ ಇರಬೇಕು ಅನ್ನುವ ನಿಯಮವನ್ನು ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ 2023ರಲ್ಲಿ ಮತ್ತೆ ತಂದಿದೆ. ಲೈಸೆನ್ಸ್ ಇರುವವರ ಹೆಸರುಗಳು ಫಿಫಾ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಆ ಮನುಷ್ಯನ ಪೂರ್ತಿ ಹೆಸರು, ಲೈಸೆನ್ಸ್ ನಂಬರ್ ಕೇಳು, ಅಲ್ಲಿ ಹುಡುಕು. ಹೆಸರು ಸಿಕ್ಕರೂ ಅಲ್ಲಿಗೇ ನಿಲ್ಲಿಸಬೇಡ. ನಿಜವಾದವರ ಹೆಸರು ಹೇಳಿಕೊಂಡು ಮೋಸ ಮಾಡುವವರೂ ಇದ್ದಾರೆ.

ಆಮೇಲೆ ಕ್ಲಬ್‌ನಿಂದ ಪತ್ರ ಕೇಳು. ಲೆಟರ್‌ಹೆಡ್ ಯಾರು ಬೇಕಾದರೂ ಮಾಡಬಹುದು, ಅದನ್ನು ನೋಡಿ ಖುಷಿಪಡಬೇಡ. ಮೇಲ್ ಕ್ಲಬ್‌ನ ಸ್ವಂತ ವಿಳಾಸದಿಂದ ಬಂದಿದೆಯಾ, ಉಚಿತ ಮೇಲ್ ಅಕೌಂಟ್‌ನಿಂದ ಬಂದಿದೆಯಾ ನೋಡು. ಪತ್ರದಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡ. ಆ ದೇಶದ ಫುಟ್‌ಬಾಲ್ ಸಂಸ್ಥೆಯ ವೆಬ್‌ಸೈಟ್‌ಗೆ ಹೋಗಿ, ಅಲ್ಲಿಂದ ಕ್ಲಬ್ ಆಫೀಸಿನ ನಂಬರ್ ತೆಗೆದು, ಆ ನಂಬರ್‌ಗೆ ಮಾಡು. 'ನನ್ನ ಹೆಸರು ನಿಮ್ಮ ಟ್ರಯಲ್ ಪಟ್ಟಿಯಲ್ಲಿ ಇದೆಯಾ?' ಅಂತ ಕೇಳು. ಅರ್ಧ ನಿಮಿಷದ ಕೆಲಸ.

ಇನ್ನು ಕ್ಲಬ್ ಹೆಸರೇ ಹೇಳದೆ ದುಡ್ಡು ಕೇಳುವವರ ಜೊತೆ ಮಾತುಕತೆಯೇ ಬೇಡ.

ಗೋಲಿ ಗ್ಲೌಸ್

ಸ್ಟಾಪರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. 'ಈ ವಾರದೊಳಗೆ' ಅಂದಾಗಲೇ ಅನುಮಾನ ಬರಬೇಕು. ನಿಜವಾಗಿ ಆಟಗಾರ ಬೇಕು ಅನ್ನುವ ಕ್ಲಬ್ ಟ್ರಾನ್ಸ್‌ಫರ್ ವಿಂಡೋ (ಆಟಗಾರರು ಕ್ಲಬ್ ಬದಲಿಸಬಹುದಾದ ಅವಧಿ) ನೋಡುತ್ತದೆ, ನಿಮ್ಮ ಅಪ್ಪನ ಬ್ಯಾಂಕ್ ಖಾತೆ ನೋಡುವುದಿಲ್ಲ.

ಮಿಡ್‌ಫೀಲ್ಡ್ ಅಕ್ಕ

ವೀಸಾ ವಿಷಯವನ್ನು ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಟೂರಿಸ್ಟ್ ವೀಸಾದಲ್ಲಿ ಸಂಬಳಕ್ಕೆ ಆಡುವಂತಿಲ್ಲ. ಟ್ರಯಲ್‌ಗೆ ಯಾವ ವೀಸಾ ಬೇಕು ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ಆ ದೇಶದ ರಾಯಭಾರ ಕಚೇರಿಯಿಂದಲೇ ಕೇಳಿ ತಿಳಿದುಕೋ. 'ಬಾ, ಆಮೇಲೆ ನೋಡೋಣ' ಅಂತ ಹೋದ ಹುಡುಗರು ವೀಸಾ ಮುಗಿದ ಮೇಲೂ ಅಲ್ಲೇ ಉಳಿದು, ಆಡಲೂ ಆಗದೆ, ಮನೆಗೆ ಮುಖ ತೋರಿಸಲೂ ಆಗದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆಫ್ರಿಕಾದಿಂದ ಹೀಗೆ ಬಂದು ಬೀದಿಪಾಲಾದ ಹುಡುಗರಿಗಾಗಿಯೇ ಕ್ಯಾಮರೂನ್‌ನ ಮಾಜಿ ಆಟಗಾರ ಜಾನ್-ಕ್ಲೋಡ್ ಎಂಬುಮಿನ್ 2000ದಲ್ಲಿ ಫ್ರಾನ್ಸ್‌ನಲ್ಲಿ ಫುಟ್ ಸಾಲಿಡೇರ್ ಅನ್ನುವ ಸಂಸ್ಥೆ ಶುರು ಮಾಡಿದರು. ಅಂದರೆ ಇದು ಎಲ್ಲೋ ಒಬ್ಬಿಬ್ಬರಿಗೆ ಆಗುವ ಮೋಸ ಅಲ್ಲ.

ಇನ್ನೊಂದು. ಕೆಲಸದ ಪರ್ಮಿಟ್ ನಿಯಮ ಗೊತ್ತಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ನೀನೇ ಕಂಡುಹಿಡಿಯಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಯುರೋಪಿಯನ್ ಯೂನಿಯನ್ ಆಚೆಯ, 20 ತುಂಬಿದ ಆಟಗಾರನಿಗೆ ಅಲ್ಲಿನ ಮೊದಲ ಡಿವಿಷನ್ ಸರಾಸರಿ ಸಂಬಳದ 150 ಪರ್ಸೆಂಟ್ ಆದರೂ ಕೊಡಬೇಕು. ಅಷ್ಟು ಕೊಟ್ಟು ಹೆಸರು ಕೇಳದ ಆಟಗಾರನನ್ನು ಯಾವ ಸಣ್ಣ ಕ್ಲಬ್ ತಗೊಳ್ಳುತ್ತದೆ? ಇಂಗ್ಲೆಂಡ್‌ನಲ್ಲಿ ಪಾಯಿಂಟ್ಸ್ ಲೆಕ್ಕ. ದೇಶದ ತಂಡಕ್ಕೆ ಎಷ್ಟು ಆಡಿದ್ದೀಯ, ನಿನ್ನ ಲೀಗ್ ಎಷ್ಟು ದೊಡ್ಡದು, ಅಲ್ಲಿ ಎಷ್ಟು ನಿಮಿಷ ಆಡಿದ್ದೀಯ ಅಂತೆಲ್ಲಾ ನೋಡಿ ಸಾಮಾನ್ಯವಾಗಿ 15 ಪಾಯಿಂಟ್ ಆಗಬೇಕು. ಸ್ಪೇನ್‌ನ ಮೊದಲ ಡಿವಿಷನ್‌ನಲ್ಲಿ ಯೂನಿಯನ್ ಆಚೆಯವರಿಗೆ ಒಂದು ತಂಡದಲ್ಲಿ ಮೂರೇ ಜಾಗ. ಹಾಗಾಗಿ ಯಾರಾದರೂ 'ಇಂಗ್ಲೆಂಡ್‌ನ ಪ್ರೊಫೆಷನಲ್ ಕ್ಲಬ್‌ನಲ್ಲಿ ಸುಲಭವಾಗಿ ಹಾಕಿಸ್ತೀನಿ' ಅಂದರೆ, 15 ಪಾಯಿಂಟ್ ಎಲ್ಲಿಂದ ಬರುತ್ತೆ ಸರ್ ಅಂತ ಒಂದು ಪ್ರಶ್ನೆ ಕೇಳು ಸಾಕು.

ಮಗನ ಕನಸು

ನನ್ನ ಮಗನಿಗೆ 15. ಅವನಿಗೂ ಇಂಥದ್ದೇ ಒಂದು ಆಫರ್ ಬಂದಿದೆ, ಅಕಾಡೆಮಿ ಅಂತೆ. ಮೆಸ್ಸಿ 13ಕ್ಕೇ ಬಾರ್ಸಿಲೋನಾಗೆ ಹೋಗಲಿಲ್ವಾ ಅಂತ ಅವನ ವಾದ. ಚಿಕ್ಕ ವಯಸ್ಸಿನಲ್ಲೇ ಕಳಿಸಿದರೆ ಒಳ್ಳೆಯದಲ್ವಾ? ತಿಳಿದವರು ಹೇಳಿ.

ಹಳೇ ಸ್ಟಾಪರ್

ಸರ್, ಮೆಸ್ಸಿ ಹೋದದ್ದು 2000ದಲ್ಲಿ. ಮರುವರ್ಷ, 2001ರಲ್ಲಿ, ಫಿಫಾ ನಿಯಮ ಬಿಗಿ ಮಾಡಿತು. ಈಗ ಟ್ರಾನ್ಸ್‌ಫರ್ ನಿಯಮಗಳ 19ನೇ ವಿಧಿ ಪ್ರಕಾರ 18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಸೇರಿಸಿಕೊಳ್ಳುವಂತಿಲ್ಲ. ವಿನಾಯಿತಿಗಳು ಕೆಲವೇ. ಫುಟ್‌ಬಾಲ್‌ಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಅಪ್ಪ-ಅಮ್ಮ ಆ ದೇಶಕ್ಕೆ ಹೋಗಿದ್ದರೆ ಆಗುತ್ತದೆ. ಯುರೋಪಿಯನ್ ಯೂನಿಯನ್ ಒಳಗೇ ಒಂದು ದೇಶದಿಂದ ಇನ್ನೊಂದಕ್ಕಾದರೆ 16 ತುಂಬಿದವರಿಗೆ ಆಗುತ್ತದೆ. ಗಡಿ ಪಕ್ಕದಲ್ಲೇ ಮನೆಯೂ ಕ್ಲಬ್ಬೂ ಇರುವವರಿಗೆ ಒಂದು ದಾರಿ ಇದೆ. ಇನ್ನೊಂದೆರಡು ಇವೆ, ನಿಮ್ಮ ಮಗನಿಗೆ ಹೊಂದುವ ಹಾಗೆ ಕಾಣುವುದಿಲ್ಲ.

ಇದನ್ನು ಬರೀ ಕಾಗದದ ನಿಯಮ ಅಂದುಕೊಳ್ಳಬೇಡಿ. ಜಪಾನ್‌ನ ತಾಕೆಫುಸಾ ಕುಬೊ 2011ರಲ್ಲಿ, ಹತ್ತು ವರ್ಷದ ಹುಡುಗ, ಬಾರ್ಸಿಲೋನಾ ಅಕಾಡೆಮಿಗೆ ಸೇರಿದ. ಅದ್ಭುತವಾಗಿ ಆಡುತ್ತಿದ್ದ. 2014ರಲ್ಲಿ ಫಿಫಾ ಇದೇ 19ನೇ ವಿಧಿ ಮುರಿದದ್ದಕ್ಕೆ ಬಾರ್ಸಿಲೋನಾಗೆ ಎರಡು ಟ್ರಾನ್ಸ್‌ಫರ್ ವಿಂಡೋ ನಿಷೇಧ ಹಾಕಿತು. ಹುಡುಗ ಪಂದ್ಯ ಆಡುವ ಹಾಗಿಲ್ಲ. 2015ರಲ್ಲಿ ಜಪಾನ್‌ಗೆ ವಾಪಸ್ ಹೋದ. ಎಫ್‌ಸಿ ಟೋಕಿಯೋದಲ್ಲಿ ಬೆಳೆದು, 18 ಆದ ಮೇಲೆ 2019ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಸಹಿ ಹಾಕಿದ. ಈಗ ರಿಯಲ್ ಸೊಸೈಡಾಡ್‌ನಲ್ಲಿ ಹೆಸರು ಮಾಡಿದ್ದಾನೆ. ಊರಿಗೆ ವಾಪಸ್ ಹೋದದ್ದರಿಂದ ಅವನ ಆಟವೇನೂ ಹಾಳಾಗಲಿಲ್ಲ ನೋಡಿ.

ನಿಮಗೆ ಬಂದಿರುವುದು ಬಹುಶಃ ಫೀಸ್ ತೆಗೆದುಕೊಂಡು ತರಬೇತಿ ಕೊಡುವ ಖಾಸಗಿ ಅಕಾಡೆಮಿ. ತರಬೇತಿ ಚೆನ್ನಾಗಿಯೇ ಇರಬಹುದು. ಆದರೆ ಮಗನನ್ನು ಅಲ್ಲಿನ ಲೀಗ್‌ನಲ್ಲಿ ಆಡಿಸಲು ರಿಜಿಸ್ಟ್ರೇಷನ್ ಸಿಗುತ್ತದಾ, ಯಾವ ವಿನಾಯಿತಿಯಲ್ಲಿ, ಬರಹದಲ್ಲಿ ಕೊಡಿ ಅಂತ ಕೇಳಿ. ವಾರವಾರ ನಿಜವಾದ ಪಂದ್ಯ ಇಲ್ಲದೆ ಬರೀ ಪ್ರಾಕ್ಟೀಸ್ ಮಾಡಿ 15ರ ಹುಡುಗ ಬೆಳೆಯುವುದಿಲ್ಲ. ಮೂರು ವರ್ಷ ಇಲ್ಲೇ ಒಳ್ಳೆ ಕೋಚ್ ಕೈಯಲ್ಲಿ ಆಡಲಿ, ಭಾಷೆ ಕಲಿಯಲಿ, ಓದಲಿ.

ಮಗನ ಕನಸು

ಧನ್ಯವಾದ ಸರ್. ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಬರಹದಲ್ಲಿ ಕೇಳುತ್ತೇನೆ.

ಥ್ರೂ ಪಾಸ್

ಒಂದು ಮಾತು ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಕೊಟ್ಟು ಹೋಗುವ ಎಲ್ಲಾ ಟ್ರಯಲ್‌ಗಳೂ ಮೋಸ ಅಂದರೆ ತಪ್ಪಾಗುತ್ತದೆ. ದೊಡ್ಡ ಲೀಗ್ ಇಲ್ಲದ ದೇಶದ ಹುಡುಗನನ್ನು ಕ್ಲಬ್‌ಗಳಿಗೆ ಆಟಗಾರರನ್ನು ಹುಡುಕುವ ಯಾವ ಸ್ಕೌಟ್ ಬಂದು ನೋಡುತ್ತಾನೆ? ಟಿಕೆಟ್, ರೂಮು ಸ್ವಂತ ಖರ್ಚಿನಲ್ಲಿ ಮಾಡಿಕೊಂಡು, ಬಾಗಿಲು ತಟ್ಟಿ ಒಳಗೆ ಹೋದವರೂ ಇದ್ದಾರೆ. ಜಪಾನ್‌ನ ಕಜುಯೋಶಿ ಮಿಯುರಾ 1982ರಲ್ಲಿ, 15ನೇ ವಯಸ್ಸಿಗೆ, ಶಾಲೆ ಬಿಟ್ಟು ಒಬ್ಬನೇ ಬ್ರೆಜಿಲ್‌ಗೆ ಹೋದ. 1986ರಲ್ಲಿ ಸ್ಯಾಂಟೋಸ್‌ನಲ್ಲಿ ಪ್ರೊಫೆಷನಲ್ ಆದ. ಎಲ್ಲರಿಗೂ ಬೇಡ ಬೇಡ ಅಂತಲೇ ಹೇಳುತ್ತಾ ಹೋದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಹಳೇ ಸ್ಟಾಪರ್

ಇದರಲ್ಲಿ ಅರ್ಧ ಒಪ್ಪುತ್ತೇನೆ. ಕ್ಲಬ್ ಹೆಸರು ಗೊತ್ತು, ಕ್ಲಬ್‌ನ ಕೋಚ್ 'ಬಾ, ನೋಡ್ತೀವಿ' ಅಂತ ಮೇಲ್ ಮಾಡಿದ್ದಾರೆ, ಟಿಕೆಟ್ ನಾನೇ ತೆಗೆದುಕೊಳ್ಳುತ್ತೇನೆ ಅನ್ನೋದು ಒಂದು ವಿಷಯ. ಎಷ್ಟೋ ಸಣ್ಣ ಕ್ಲಬ್‌ಗಳಿಗೆ ಟಿಕೆಟ್ ಕೊಡುವಷ್ಟು ದುಡ್ಡಿರುವುದಿಲ್ಲ, ನಾನೂ ನನ್ನ ಖರ್ಚಿನಲ್ಲೇ ಹೋದವನು. ವಿಮಾನದ ದುಡ್ಡು ವಿಮಾನದವರಿಗೆ, ರೂಮಿನ ದುಡ್ಡು ರೂಮಿನವರಿಗೆ ನೇರವಾಗಿ ಹೋಗಲಿ. ನಡುವೆ ನಿಂತವನ ಕೈಗೆ 'ಕ್ಲಬ್ ಫೀಸ್' ಹೋಗುವುದು ಬೇರೆ ವಿಷಯ. ಟ್ರಯಲ್‌ಗೆ ಕರೆದ ಪ್ರೊಫೆಷನಲ್ ಕ್ಲಬ್ ಫೀಸ್ ಕೇಳಿದ್ದನ್ನು ನಾನು ನೋಡಿಲ್ಲ.

ಮಿಯುರಾ ಕಥೆ ನನಗೂ ತುಂಬಾ ಇಷ್ಟ. ಆದರೆ ಅದು ನಿಯಮಗಳು ಬಿಗಿಯಾಗುವ ಮುಂಚಿನದು.

ಕೋಚ್ ಕಣ್ಣು

ನಾನು ಯೂತ್ ಕೋಚ್. ಎಡಗಾಲು, ನಿನ್ನ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಆ ಮನುಷ್ಯನಿಗೆ ಬೇಡ ಅಂದೆ ಸರಿ, ಹಾಗಾದರೆ ದಾರಿ ಯಾವುದು? ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ವಿಡಿಯೊ. ಹುಡುಗರು ಸಿನಿಮಾ ಟ್ರೈಲರ್ ಥರ ಹಾಡು ಹಾಕಿ, ಗೋಲು, ಸ್ಕಿಲ್ಸ್ ಮಾತ್ರ ತುಂಬಿಸಿ ಕಳಿಸುತ್ತಾರೆ. ವಿಡಿಯೊ ನೋಡುವವರಿಗೆ ಬೇಕಾಗಿರುವುದು ಚೆಂಡು ನಿನ್ನ ಹತ್ತಿರ ಇಲ್ಲದಾಗ ನೀನು ಏನು ಮಾಡುತ್ತೀಯ ಅನ್ನೋದು. ನಾಲ್ಕೈದು ನಿಮಿಷದ ಕ್ಲಿಪ್ ಸಾಕು. ಪ್ರತಿ ತುಣುಕು ಶುರುವಾಗುವಾಗ ನಿನ್ನ ಸುತ್ತ ಒಂದು ವೃತ್ತ ಹಾಕಿ ಒಂದು ಕ್ಷಣ ನಿಲ್ಲಿಸು, ಇಲ್ಲದಿದ್ದರೆ ನೀನು ಯಾರು ಅಂತಲೇ ಗೊತ್ತಾಗುವುದಿಲ್ಲ. ಚೆಂಡು ಕಳೆದುಕೊಂಡ ಮೇಲೆ ನೀನು ವಾಪಸ್ ಓಡಿ ನಿನ್ನ ಹಿಂದೆ ಅಂಚು ಕಾಯುವ ಫುಲ್‌ಬ್ಯಾಕ್‌ಗೆ ಸಹಾಯ ಮಾಡಿದ್ದನ್ನೂ ಹಾಕು. ಅದರ ಜೊತೆ ಎರಡು ಪೂರ್ತಿ ಪಂದ್ಯದ ಲಿಂಕ್ ಕೊಡು. ಅದರಲ್ಲಿ ಒಂದು ತಂಡ ಸೋತ ಪಂದ್ಯ ಆಗಿರಲಿ. ಸೋಲುವಾಗ ತಲೆ ತಗ್ಗಿಸುತ್ತಾನಾ ಅಂತ ನಾನಂತೂ ಮೊದಲು ಅದನ್ನೇ ನೋಡುತ್ತೇನೆ.

ಎರಡನೆಯದು ಸಮಯ. ಯುರೋಪ್‌ನ ಬಹುತೇಕ ಲೀಗ್‌ಗಳು ಆಗಸ್ಟ್ ಹೊತ್ತಿಗೆ ಶುರುವಾಗುತ್ತವೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್‌ನಲ್ಲಿ ಚಳಿಗಾಲ ಕಳೆದ ಮೇಲೆ ಶುರುವಾಗಿ ಶರತ್ಕಾಲದಲ್ಲಿ ಮುಗಿಯುತ್ತವೆ. ಅಂದರೆ ಅವರ ಪ್ರೀ-ಸೀಸನ್ ಜನವರಿ, ಫೆಬ್ರವರಿ. ತಂಡ ಕಟ್ಟುವ ಹೊತ್ತಿಗೆ ನಿನ್ನ ಮೇಲ್ ಹೋಗಬೇಕು. ಸೀಸನ್ ನಡುವೆ, ತಂಡ ತುಂಬಿರುವಾಗ ಟ್ರಯಲ್ ಅಂದರೆ ಸುಮ್ನೆ ಖರ್ಚು.

ಮೂರನೆಯದು ಎಲ್ಲಿಗೆ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹೆಸರಿರುವ ಕ್ಲಬ್‌ನ ಬೆಂಚಿಗಿಂತ ಹೆಸರಿಲ್ಲದ ಕ್ಲಬ್‌ನ ಮೊದಲ ಹನ್ನೊಂದು ಮೇಲು. ಲೂಯಿಸ್ ಸುವಾರೆಜ್ 2006ರಲ್ಲಿ 19ನೇ ವಯಸ್ಸಿಗೆ ಉರುಗ್ವೆಯಿಂದ ನೇರವಾಗಿ ದೊಡ್ಡ ಕ್ಲಬ್‌ಗೆ ಹೋಗಲಿಲ್ಲ, ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ಗೆ ಹೋದ. ಒಂದು ಸೀಸನ್ ಆಡಿ ತೋರಿಸಿದ, 2007ರಲ್ಲಿ ಅಲ್ಲಿನ ದೊಡ್ಡ ಕ್ಲಬ್ ಅಯಾಕ್ಸ್ ಕರೆದುಕೊಂಡಿತು. ಸಾಡಿಯೊ ಮಾನೆ ಸೆನೆಗಲ್‌ನಿಂದ ಮೊದಲು ಹೋದದ್ದು ಫ್ರಾನ್ಸ್‌ನ ಮೆಟ್ಜ್‌ಗೆ. ಪಾರ್ಕ್ ಜಿ-ಸಂಗ್ ಕೊರಿಯಾದಿಂದ ಮೊದಲು ಜಪಾನ್‌ನ ಕ್ಯೋಟೋ, ಆಮೇಲೆ ನೆದರ್‌ಲ್ಯಾಂಡ್ಸ್‌ನ ಪಿಎಸ್‌ವಿ, ಅಲ್ಲಿಂದ 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್. ಸುನಿಲ್ ಛೇತ್ರಿಯಂಥ ಗೋಲು ಹೊಡೆಯುವವರಿಗೂ 2012ರಲ್ಲಿ ಸ್ಪೋರ್ಟಿಂಗ್ ಲಿಸ್ಬನ್‌ನ ಬಿ ತಂಡದಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ. ಅದೇ ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್‌ಗೆ ಹೋಗಿ, ತಾಳ್ಮೆಯಿಂದ ಕಾದು, 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಗೋಲ್‌ಪೋಸ್ಟ್ ಕಾಯ್ದರು.

ನಿನ್ನ ದೇಶದ ಮೊದಲ ಡಿವಿಷನ್‌ನಲ್ಲಿ ಇನ್ನೂ ಆಡಿಲ್ಲ ಅಲ್ವಾ? ಅದು ನಿನ್ನ ಮುಂದಿನ ಹೆಜ್ಜೆಯಾಗಲಿ. ಅಲ್ಲಿ ಆಡಿದ ನಿಮಿಷಗಳು ದಾಖಲೆಯಾಗುತ್ತವೆ, ಸ್ಕೌಟ್‌ಗಳು ನೋಡುವ ವಿಡಿಯೊ ಸೇವೆಗಳಲ್ಲಿ ಸಿಗುತ್ತವೆ. ಆಮೇಲೆ ನೆರೆಯ ದೇಶದ ಲೀಗ್ ಆದರೂ ಪರವಾಗಿಲ್ಲ. 'ಯುರೋಪ್' ಅಂದ ಮಾತ್ರಕ್ಕೆ ದೊಡ್ಡದಾಗುವುದಿಲ್ಲ. ಅಲ್ಲಿಯ ಐದನೇ ಡಿವಿಷನ್‌ನಲ್ಲಿ ಬೆಳಗ್ಗೆ ಗೋದಾಮಿನಲ್ಲಿ ಕೆಲಸ ಮಾಡಿ ಸಂಜೆ ಆಡುವವರು ಬೇಕಾದಷ್ಟು ಜನ.

ಎಡಗಾಲು 11

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಲೈಸೆನ್ಸ್ ನಂಬರ್ ಕೊಡಿ ಸರ್ ಅಂತ ಆ ಮನುಷ್ಯನಿಗೆ ಮೆಸೇಜ್ ಹಾಕಿದೆ. 'ನಿನಗೆ ನಂಬಿಕೆ ಇಲ್ಲದಿದ್ದರೆ ಬೇರೆ ಹುಡುಗರು ಕಾಯ್ತಿದ್ದಾರೆ' ಅಂತ ಬರೆದು ಬ್ಲಾಕ್ ಮಾಡಿದರು. ಬೇಜಾರಾಯಿತು, ಆದರೆ ಅಪ್ಪ ನೆಮ್ಮದಿಯ ನಿಟ್ಟುಸಿರು ಬಿಟ್ಟರು.

ಕೋಚ್ ಸರ್, ವಿಡಿಯೊ ಮತ್ತೆ ಮಾಡುತ್ತೇನೆ. ಒಂದು ಪ್ರಶ್ನೆ. ನಿಜವಾದ ಟ್ರಯಲ್ ಹೇಗಿರುತ್ತದೆ? ಭಾಷೆ ಬರದಿದ್ದರೆ ಕಷ್ಟನಾ?

ಮಿಡ್‌ಫೀಲ್ಡ್ ಅಕ್ಕ

ಒಳ್ಳೆ ಕೆಲಸ ಮಾಡಿದೆ ತಮ್ಮಾ. ಬ್ಲಾಕ್ ಮಾಡಿದ್ದೇ ನಿನಗೆ ಉತ್ತರ.

ಟ್ರಯಲ್ ಬಗ್ಗೆ ಹೇಳುತ್ತೇನೆ. ಯಾರೂ ನಿನಗಾಗಿ ಏನನ್ನೂ ನಿಲ್ಲಿಸುವುದಿಲ್ಲ. ಕೈಗೆ ಒಂದು ಬಿಬ್ (ಜರ್ಸಿ ಮೇಲೆ ಹಾಕುವ ಬಣ್ಣದ ಬನಿಯನ್) ಕೊಡುತ್ತಾರೆ, ಐದು-ಎರಡು ರೊಂಡೊ ಶುರುವಾಗುತ್ತದೆ, ಅಂದರೆ ಐದು ಜನ ಸುತ್ತ ನಿಂತು ಪಾಸ್ ಮಾಡುತ್ತಾರೆ, ನಡುವಿನ ಇಬ್ಬರು ಚೆಂಡು ಕಸಿಯಲು ನೋಡುತ್ತಾರೆ. ಎರಡು ಟಚ್, ಆಮೇಲೆ ಒಂದೇ ಟಚ್. ಹೊಸಬರಿಗೆ ಬೇಕಂತಲೇ ಜೋರಾಗಿ, ಮೊಣಕಾಲಿನ ಎತ್ತರಕ್ಕೆ ಪಾಸ್ ಬರುತ್ತದೆ. ಚೆಂಡು ಒದ್ದೆ ಹುಲ್ಲಿನ ಮೇಲೆ ಜಾರಿಕೊಂಡು ಬರುವ ವೇಗ ಮೊದಲ ದಿನ ಎಲ್ಲರಿಗೂ ಕೈಕೊಡುತ್ತದೆ. ಹಿಂದಿನಿಂದ ಎದುರಾಳಿ ಬಂದಾಗ ಜೊತೆಯವರು ಒಂದು ಪದ ಕೂಗುತ್ತಾರೆ. ಆ ಪದ ಗೊತ್ತಿಲ್ಲದಿದ್ದರೆ ನೀನು ತಿರುಗುತ್ತೀಯ, ಚೆಂಡು ಹೋಗುತ್ತದೆ, ಕೋಚ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನಿನ್ನ ಸ್ಕಿಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಹೋಗುವ ಮುಂಚೆ ಕಲಿಯಬೇಕಾದದ್ದು ವ್ಯಾಕರಣ ಅಲ್ಲ. 'ಹಿಂದೆ ಬಂದ', 'ತಿರುಗು', 'ವಾಪಸ್ ಕೊಡು', 'ಟೈಮ್ ಇದೆ', 'ಎಡಕ್ಕೆ', 'ಬಲಕ್ಕೆ', 'ಮೇಲೆ ಬಾ', ಈ ಕೂಗುಗಳನ್ನು ಆ ಭಾಷೆಯಲ್ಲಿ ಬಾಯಿಪಾಠ ಮಾಡು. ಅಲ್ಲಿನ ಕೆಳ ಡಿವಿಷನ್ ಪಂದ್ಯದ ವಿಡಿಯೊಗಳಲ್ಲಿ, ಪ್ರೇಕ್ಷಕರ ಗಲಾಟೆ ಕಡಿಮೆ ಇರುವಾಗ, ಇವೆಲ್ಲಾ ಸ್ಪಷ್ಟವಾಗಿ ಕೇಳಿಸುತ್ತವೆ. ನೀನೂ ಕೂಗು. ಮಾತಾಡದ ಟ್ರಯಲಿಸ್ಟ್ ಯಾರಿಗೂ ನೆನಪಿರುವುದಿಲ್ಲ.

ಮೈದಾನದ ಆಚೆಯ ಭಾಷೆ ನಿಧಾನವಾಗಿ ಬರುತ್ತದೆ. ಕೊರಿಯಾದ ಸನ್ ಹ್ಯೂಂಗ್-ಮಿನ್ ಹದಿಹರೆಯದಲ್ಲೇ ಹ್ಯಾಂಬರ್ಗ್‌ಗೆ ಹೋಗಿ ಜರ್ಮನ್ ಸಲೀಸಾಗಿ ಮಾತಾಡುವಷ್ಟು ಕಲಿತ. ಡ್ರೆಸ್ಸಿಂಗ್ ರೂಮಿನಲ್ಲಿ ಜೊತೆಯವರು ನಗುವಾಗ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗಲು ಶುರುವಾದ ದಿನದಿಂದ ನನ್ನ ಆಟ ಬದಲಾಯಿತು. ಒಂಟಿತನ ಅನ್ನೋದು ಕಾಲಿಗೂ ಇಳಿಯುತ್ತದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ.

ಗೋಲಿ ಗ್ಲೌಸ್

ಅಕ್ಕ, ಕಾಂಟ್ರ್ಯಾಕ್ಟ್ ಬಗ್ಗೆಯೂ ಬರೆಯಿರಿ. ನನ್ನ ಗೆಳೆಯನೊಬ್ಬ ಹೊರದೇಶದ ಒಂದು ಕ್ಲಬ್‌ನಲ್ಲಿ ಇದ್ದಾನೆ. ಎರಡು ತಿಂಗಳು ದಾಟಿತು, ಸಂಬಳ ಬಂದಿಲ್ಲ. ಬಿಟ್ಟು ಬಂದರೆ ತನ್ನ ಮೇಲೇ ಕೇಸ್ ಹಾಕುತ್ತಾರೆ ಅಂತ ಹೆದರಿದ್ದಾನೆ.

ಮಿಡ್‌ಫೀಲ್ಡ್ ಅಕ್ಕ

ಅವನಿಗೆ ಇವತ್ತೇ ಹೇಳು. ಫಿಫಾ ನಿಯಮದಲ್ಲಿ ಇದಕ್ಕೇ ಒಂದು ವಿಧಿ ಇದೆ. ಕನಿಷ್ಠ ಎರಡು ತಿಂಗಳ ಸಂಬಳ ಬಾಕಿ ಇದ್ದರೆ ಕ್ಲಬ್‌ಗೆ ಬರಹದಲ್ಲಿ ನೋಟಿಸ್ ಕೊಟ್ಟು, ಪೂರ್ತಿ ಬಾಕಿ ತೀರಿಸಲು ಕನಿಷ್ಠ 15 ದಿನ ಸಮಯ ಕೊಡಬೇಕು. ಆಗಲೂ ಕೊಡದಿದ್ದರೆ ಸರಿಯಾದ ಕಾರಣದ ಮೇಲೆ ಕಾಂಟ್ರ್ಯಾಕ್ಟ್ ಮುರಿಯಬಹುದು. ನೋಟಿಸ್ ಕೊಡದೆ ಸುಮ್ನೆ ಬ್ಯಾಗ್ ಹಿಡಿದು ಹೊರಟರೆ ಮಾತ್ರ ತೊಂದರೆ. ಫಿಫಾ ಫುಟ್‌ಬಾಲ್ ಟ್ರಿಬ್ಯೂನಲ್‌ಗೆ ದೂರು ಕೊಡಬಹುದು, ಆಟಗಾರನಿಗೆ ಅಲ್ಲಿ ಖರ್ಚಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅವನು ಆ ದೇಶದ ಆಟಗಾರರ ಯೂನಿಯನ್ ಜೊತೆ ಮೊದಲು ಮಾತಾಡಲಿ, ಪತ್ರ ಬರೆಯಲು ಅವರೇ ಸಹಾಯ ಮಾಡುತ್ತಾರೆ.

ಅವನೊಬ್ಬನ ಪಾಡಲ್ಲ ಇದು. ಆಟಗಾರರ ಯೂನಿಯನ್‌ಗಳ ಒಕ್ಕೂಟ ಫಿಫ್‌ಪ್ರೊ 2016ರಲ್ಲಿ ಸಾವಿರಾರು ಆಟಗಾರರನ್ನು ಕೇಳಿತ್ತು. ಹಿಂದಿನ ಎರಡು ವರ್ಷದಲ್ಲಿ ಸಂಬಳ ತಡವಾಗಿದೆ ಅಂದವರು 41 ಪರ್ಸೆಂಟ್. ತಿಂಗಳಿಗೆ 1,000 ಡಾಲರ್‌ಗಿಂತ ಕಡಿಮೆ ದುಡಿಯುವವರು 45 ಪರ್ಸೆಂಟ್. ಟಿವಿಯಲ್ಲಿ ಕಾಣುವವರು ಮೇಲಿನ ಒಂದು ಪದರ ಅಷ್ಟೇ.

ಸಹಿ ಹಾಕುವಾಗ ನೋಡಬೇಕಾದ್ದು: ಹೇಳಿದ ಸಂಬಳ ತೆರಿಗೆಗೆ ಮುಂಚಿನದಾ, ಕೈಗೆ ಬರುವುದಾ? ಮನೆ, ಊಟ, ವರ್ಷಕ್ಕೆ ಊರಿಗೆ ಟಿಕೆಟ್ ಅಂತ ಬಾಯಲ್ಲಿ ಹೇಳಿದ್ದು ಕಾಗದದಲ್ಲೂ ಇದೆಯಾ? ಮಂಡಿ ಹೋದರೆ ಆಪರೇಷನ್ ಖರ್ಚು ಯಾರದು, ಆಡದ ತಿಂಗಳುಗಳ ಸಂಬಳ ಬರುತ್ತದಾ? ಇನ್ನೊಂದು ಮುಖ್ಯ. ಸಹಿ ಆದ ಮೇಲೆ 'ಮೆಡಿಕಲ್ ಪಾಸಾದರೆ ಮಾತ್ರ', 'ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ ಈ ಕಾಂಟ್ರ್ಯಾಕ್ಟ್ ಲೆಕ್ಕಕ್ಕೆ' ಅಂತ ಷರತ್ತು ಹಾಕುವ ಹಾಗಿಲ್ಲ. ಅದನ್ನೆಲ್ಲಾ ಕ್ಲಬ್ ಸಹಿಗೆ ಮುಂಚೆ ನೋಡಿಕೊಳ್ಳಬೇಕು ಅಂತ ಫಿಫಾ ನಿಯಮವೇ ಹೇಳುತ್ತದೆ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಬೇಡ. ನಿನಗೆ ಓದಲು ಬರುವ ಭಾಷೆಯಲ್ಲೂ ಒಂದು ಪ್ರತಿ ಕೇಳು.

ಇಲ್ಲಿ ಓದುತ್ತಿರುವ ಹುಡುಗಿಯರಿಗೂ ಒಂದು ಮಾತು. ಭಾರತದ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್‌ಗೆ ಸಹಿ ಹಾಕಿದರು. ಭಾರತದವರೇ ಆದ ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲಾನ್ ತಂಡದಿಂದ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದರು. 2021ರಿಂದ ಫಿಫಾ ನಿಯಮದಲ್ಲಿ ಆಟಗಾರ್ತಿಯರಿಗೆ ಕನಿಷ್ಠ 14 ವಾರದ ಹೆರಿಗೆ ರಜೆ, ಮೂರನೇ ಎರಡರಷ್ಟು ಸಂಬಳ ಇದೆ. ಐಸ್‌ಲ್ಯಾಂಡ್‌ನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡೋಟಿರ್ ಈ ಹಕ್ಕಿಗಾಗಿ ತಾನು ಆಡುತ್ತಿದ್ದ ಫ್ರಾನ್ಸ್‌ನ ಲಿಯಾನ್ ಕ್ಲಬ್ ಮೇಲೆ ದೂರು ಕೊಟ್ಟು ಗೆದ್ದಿದ್ದಾರೆ. ಕಾಂಟ್ರ್ಯಾಕ್ಟ್‌ನಲ್ಲಿ ಇದಕ್ಕೆ ವಿರುದ್ಧವಾದ ಸಾಲು ಕಂಡರೆ ಪೆನ್ನು ಕೆಳಗಿಡಿ.

ಥ್ರೂ ಪಾಸ್

ಅಕ್ಕ ಬರೆದದ್ದನ್ನು ಸೇವ್ ಮಾಡಿಕೊಂಡೆ. ನನ್ನ ಮಾತಿನ ಮಿಕ್ಕ ಅರ್ಧಕ್ಕೂ ಸ್ಟಾಪರ್ ಅಣ್ಣ ಕೊಟ್ಟ ಉತ್ತರ ಸರಿ ಅನಿಸುತ್ತಿದೆ. ಕ್ಲಬ್‌ನ ಸ್ವಂತ ಮೇಲ್ ಇರಬೇಕು.

ಎಡಗಾಲು 11

ಅಕ್ಕ, ಕೋಚ್ ಸರ್, ಸ್ಟಾಪರ್ ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಮೊದಲ ಡಿವಿಷನ್‌ನ ಎರಡು ಕ್ಲಬ್‌ಗಳು ಸೀಸನ್ ಮುಂಚೆ ಓಪನ್ ಟ್ರಯಲ್ ಮಾಡುತ್ತಿವೆ, ಎರಡಕ್ಕೂ ಹೆಸರು ಕೊಟ್ಟೆ. ವಿಡಿಯೊಗೆ ಸೋತ ಪಂದ್ಯವನ್ನೂ ಆರಿಸಿದ್ದೇನೆ. ಇನ್ನೊಂದು ಕೇಳಬೇಕಿತ್ತು. ಈಗಿನ ಕ್ಲಬ್ ಜೊತೆ ನನಗೆ ಇನ್ನೂ ಒಂದು ವರ್ಷದ ಕಾಂಟ್ರ್ಯಾಕ್ಟ್ ಇದೆ. ಹೊರಗೆ ಟ್ರಯಲ್‌ಗೆ ಹೋಗಲು ಅವರನ್ನು ಕೇಳಬೇಕಾ?

ಹಳೇ ಸ್ಟಾಪರ್

ಕೇಳಲೇಬೇಕು, ಬರಹದಲ್ಲಿ ಒಪ್ಪಿಗೆ ತೆಗೆದುಕೋ. ಆ ಎರಡು ಓಪನ್ ಟ್ರಯಲ್‌ಗೂ ಅದೇ ಮಾತು, ಹೋಗುವ ಮುಂಚೆ ಕೇಳು. ಹೊರದೇಶಕ್ಕೆ ಹೋಗುವಾಗ ನಿಮ್ಮ ದೇಶದ ಸಂಸ್ಥೆ ಹೊಸ ದೇಶದ ಸಂಸ್ಥೆಗೆ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕಳಿಸಬೇಕು, ಅದಿಲ್ಲದೆ ಒಂದು ಪಂದ್ಯವನ್ನೂ ಆಡುವಂತಿಲ್ಲ. ಕದ್ದು ಹೋದರೆ ಆ ಹೊತ್ತಿಗೆ ಜಗಳ ಶುರುವಾಗುತ್ತದೆ. ನಿನ್ನನ್ನು ಬೆಳೆಸಿದ ಕ್ಲಬ್‌ಗಳಿಗೆ ಹೊಸ ಕ್ಲಬ್ ತರಬೇತಿ ಪರಿಹಾರ ಕೊಡಬೇಕಾಗಬಹುದು, 23 ತುಂಬುವ ವರ್ಷದ ಕೊನೆಯವರೆಗೂ ಆ ಲೆಕ್ಕ ಇರುತ್ತದೆ. ಸಣ್ಣ ಕ್ಲಬ್‌ಗಳು ಈ ಮೊತ್ತ ನೋಡಿಯೇ ಹಿಂದೆ ಸರಿಯುವುದುಂಟು. ಅದಕ್ಕೇ ಈಗಿನ ಕ್ಲಬ್‌ನ ಮ್ಯಾನೇಜರ್ ಜೊತೆ ಕೂತು, ಹೊರಗಿನಿಂದ ಕರೆ ಬಂದರೆ ಎಷ್ಟಕ್ಕೆ ಬಿಟ್ಟುಕೊಡುತ್ತೀರಿ ಅಂತ ಈಗಲೇ ಮಾತಾಡಿಕೋ. ಸಂಬಂಧ ಚೆನ್ನಾಗಿರುವಾಗಲೇ ಆಗುವ ಮಾತು ಅದು. ಒಪ್ಪಿದರೆ ಅದನ್ನೂ ಬರಹದಲ್ಲಿ ಇಟ್ಟುಕೋ. ಓಪನ್ ಟ್ರಯಲ್‌ನಲ್ಲಿ ಏನಾಯಿತು ಅಂತ ಇಲ್ಲೇ ಬರೆ.